ಕಾಕಿಯ ಕೆಳತುಟಿ

ಕಾಕಿಯ ಕೆಳತುಟಿ ಹಸುಗೂಸಿನ ತುಟಿಯಷ್ಟು ಮೆತ್ತಗಿತ್ತು. ಉಳಿದ ಮುಖವೆಲ್ಲ ಒರಟು. ಓಣಿಯ ಹೆಂಗಸರು ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದರೆ ಇವಳು ಮಾತ್ರ ಮುಟ್ಟುತ್ತಿರಲಿಲ್ಲ. ತುಟಿ ದಡ್ಡುಗಟ್ಟುತ್ತದೆ ಎನ್ನುತ್ತಿದ್ದಳು. ದಿನಾ ಸಂಜೆ ಅದಕ್ಕೆ ಬೆಣ್ಣೆ ಸವರುತ್ತಿದ್ದಳು. ಅವಳ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ತುಟಿಯಿಂದ.

ದಾಂಡೇಲಿಯಲ್ಲಿ ಗುತ್ತಿಗೆದಾರನೊಬ್ಬನ ಶೆಡ್ಡಿನಲ್ಲಿ ಕಾಗದ ಆರಿಸುವುದು ಅವಳ ಕೆಲಸ. ಅಲ್ಲಿಯ ಹೆಂಗಸರು ಹಾಳೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಅನುಮಾನ ಬಂದ ಹಾಳೆ ಕಾಕಿಯ ಹತ್ತಿರ ಬರುತ್ತಿತ್ತು. ಅವಳು ಅದನ್ನು ಕೆಳತುಟಿಯ ಮೇಲೆ ಒಮ್ಮೆ ಎಳೆದು, ನುಣುಪೋ ತರಿಯೋ ಹೇಳಿಬಿಡುತ್ತಿದ್ದಳು. "ಬೆರಳಿನಾಗ ಆಣಿ ಬೆಳದಾವು ನಿಮಗ. ಶೆಗಣಿ ಕುಳ್ಳು ಬಡಿಯಾಕ ಹೋಗ್ರಿ" ಎಂದು ಉಳಿದವರನ್ನು ಹಂಗಿಸದೆ ಬಿಡುತ್ತಿರಲಿಲ್ಲ.

ಚಿಗಳ್ಳಿಯಿಂದ ಮದುವೆಯಾಗಿ ಬಂದು ಬೇಗ ಗಂಡನನ್ನು ಕಳೆದುಕೊಂಡವಳು. ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಅವಳ ಕೈಯ ರೊಟ್ಟಿ ತಿಂದೇ ಬೆಳೆದವನು. ಬೈಗುಳ ಜೊತೆಗೆ ಪುಕ್ಕಟೆ.

ಡಿಪ್ಲೊಮಾದ ಕೊನೆಯ ವರ್ಷ ನಾನೊಂದು ಸ್ಪೀಕರ್ ಮಾಡಹೊರಟೆ. ಅದಕ್ಕೆ ಅಯಸ್ಕಾಂತವಿಲ್ಲ, ಎರಡು ತೂತಿನ ತಗಡುಗಳ ನಡುವೆ ಬಿಗಿದ ತೆಳು ಫಿಲ್ಮೇ ನಡುಗಿ ಹಾಡಬೇಕು. ಆ ಫಿಲ್ಮು ಬಾಗಬೇಕು, ಕರೆಂಟ್ ಹರಿಸಬೇಕು, ಕನ್ನಡಿಯಷ್ಟು ನುಣ್ಣಗಿರಬೇಕು. ಸಣ್ಣ ಗಂಟಿದ್ದರೂ ಅಲ್ಲಿಂದ ಕಿಡಿ ಹಾರಿ ತೂತಾಗುತ್ತದೆ. ಅಂಥದ್ದು ಸಿಗದಿದ್ದರೆ ನಾನು ಫೇಲು.

ಮೊದಲು ಚಾಕಲೇಟಿನ ಬೇಗಡೆ ತಂದೆ. ಕಾಕಿ ತುಟಿಗಿಟ್ಟು "ಸುಕ್ಕು" ಎಂದಳು. ಆಮೇಲೆ ಪ್ಲಾಸ್ಟಿಕ್ ಹಾಳೆಗೆ ಪೆನ್ಸಿಲ್ ಪುಡಿ ಬಳಿದು ವಾರಗಟ್ಟಲೆ ತಿಕ್ಕಿದೆ. ಅದಕ್ಕೂ ಉಗುರಿನಿಂದ ಗುರುತು ಮಾಡಿ "ಇಲ್ಲೆ ಗಂಟೈತಿ" ಎಂದಳು. ನಾನು ನಂಬಲಿಲ್ಲ. ಕರೆಂಟ್ ಕೊಟ್ಟಾಗ ಸರಿಯಾಗಿ ಅಲ್ಲೇ ಸುಟ್ಟಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ಗೆಳೆಯರು ಮನೆಗೆ ಬಂದಾಗ ಆ ಹಾಳೆಯನ್ನು ಎತ್ತಿ ತೋರಿಸಿ, "ನಿಮ್ಮ ಇಂಜಿನಿಯರ್ ಸಾಹೇಬ ಮಾಡ್ಯಾನ ನೋಡ್ರಿ. ಇವನ ತೆಲಿನೂ ಹಿಂಗ, ಹೊರಗ ಮಿಂಚು, ನಡುವ ತೂತು" ಎಂದು ಹರಿದು ಒಲೆಗೆ ಹಾಕಿದಳು. ಎಲ್ಲರೂ ನಕ್ಕರು.

ಕೊನೆಗೆ ಕೆಟ್ಟ ಫ್ಯಾನಿನ ಕಂಡೆನ್ಸರ್ ಒಡೆದಾಗ ಒಳಗೆ ಸಿಕ್ಕಿತು: ಮೂರು ಬೆರಳಗಲದ, ಬೆಳ್ಳಿ ಬಣ್ಣದ ಸುರುಳಿ. ಉಸಿರು ಬಿಟ್ಟರೆ ಹಾರುವಷ್ಟು ತೆಳು. ಚೌಕಟ್ಟಿಗೆ ಬಿಗಿದು, ಮೇಲಿನ ತಗಡು ಮುಚ್ಚುವ ಮೊದಲು, ಹಳೇ ಟೀವಿಯ ಸಾಮಾನಿನಿಂದ ಮಾಡಿದ್ದ ಪೆಟ್ಟಿಗೆಯಿಂದ ಕರೆಂಟ್ ಕೊಟ್ಟು ನೋಡುತ್ತಿದ್ದೆ. ಎಲ್ಲೂ ಕಿಡಿಯಿಲ್ಲ. ಆಗ ಕಾಕಿ ಒಳಗೆ ಬಂದಳು.

"ಮತ್ತ ಯಾವ ಕಸ ತಂದೀಯೋ? ಸರಿ ಅತ್ತಾಗ."

ಕಬ್ಬಿಣದ ಮೇಜಿಗೆ ಕೈಯೂರಿ, ಫಿಲ್ಮಿಗೆ ತುಟಿ ಹಚ್ಚಲು ಬಗ್ಗಿದಳು. ಕರೆಂಟ್ ಚಾಲೂ ಇತ್ತು. "ತಡಿ ಕಾಕಿ" ಎನ್ನಲು ಬೇಕಾದಷ್ಟು ಹೊತ್ತಿತ್ತು. ನಾನು ಅನ್ನಲಿಲ್ಲ. ಇವಳಿಗೂ ಒಮ್ಮೆ ಚುರುಕ್ಕೆನ್ನಲಿ ಎಂದು ಬಾಯಿ ಮುಚ್ಚಿಕೊಂಡೆ.

ಚಟ್ಟೆಂದು ಸದ್ದಾಯಿತು. ಕಾಕಿ ಹಿಂದಕ್ಕೆ ಬಿದ್ದಳು.

ತುಟಿಯ ನಡುವಿನ ಗಾಯ ಮಾಯ್ದು ಕಡಲೆ ಗಾತ್ರದ ಗಟ್ಟಿ ಕಲೆಯಾಯಿತು. ನಮ್ಮವ್ವ ಕೇಳಿದರೆ "ಚಹಾ ಸುಟ್ಟಿತವ್ವಾ" ಎಂದಳು. ನನ್ನ ಸ್ಪೀಕರ್ ಚೆನ್ನಾಗಿಯೇ ಹಾಡಿತು, ನಾನು ಪಾಸಾದೆ. ಅದೇ ತಿಂಗಳು ಕಾಕಿ ನುಣುಪೆಂದು ಹೇಳಿದ ಎರಡು ಕಟ್ಟು ಹಾಳೆ ತರಿಯೆಂದು ವಾಪಸು ಬಂದವು. ಶೆಡ್ಡಿನಲ್ಲಿ ಅವಳನ್ನು ಕಟ್ಟು ಬಿಗಿಯಲು ಕೂರಿಸಿದರು. ಅವಳಿಂದ ಬೈಸಿಕೊಂಡಿದ್ದ ಹೆಂಗಸರು ಹಗ್ಗವನ್ನು ಅವಳ ಮುಖದ ಮುಂದೆ ಹಿಡಿದು, "ತುಟಿಗೆ ಹಚ್ಚಿ ನೋಡ್ರಿ ಕಾಕಿ, ನುಣ್ಣಗೈತೇನು?" ಎಂದು ಕೇಕೆ ಹಾಕುತ್ತಿದ್ದರು. ಕಾಕಿ ಬೆಣ್ಣೆ ಸವರುವುದನ್ನು ಬಿಟ್ಟಳು. ಎಲೆ ಅಡಿಕೆ ಶುರುವಾಯಿತು.

ವರ್ಷಗಳ ಮೇಲೆ, ಅವಳು ಹಾಸಿಗೆ ಹಿಡಿದಾಗ ಹೇಳಿದೆ. "ಕಾಕಿ, ಕರೆಂಟ್ ಐತಿ ಅಂತ ನನಗ ಗೊತ್ತಿತ್ತು."

"ಬಿದ್ದಾಗ ನಿನ್ನ ಮಾರಿ ನೋಡಿದ್ನಿ. ನಗತಿದ್ದಿ."

ನಕ್ಕಿದ್ದು ನಿಜ, ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ, "ಆ ಹಾಳಿ ಮಾತ್ರ ಚಲೋ ಇತ್ತು. ಒಂದ ಗಂಟಿರಲಿಲ್ಲ" ಎಂದಳು. ಅವಳು ನನ್ನ ಕೆಲಸವನ್ನು ಮೆಚ್ಚಿದ್ದು ಅದೊಂದೇ ಸಲ.

ಹೋದ ವರ್ಷ ತೀರಿಕೊಂಡಳು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಚಿಗಳ್ಳಿಯಿಂದ ಬಂದಿದ್ದ ಮುದುಕಿಯೊಬ್ಬಳು ತುಟಿಯ ಕಲೆ ಮುಟ್ಟಿ, "ಇದೇನವಾ ಇದು?" ಎಂದು ಕೇಳಿದಳು.

"ಚಹಾ ಸುಟ್ಟಿದ್ದು" ಎಂದಳು ನಮ್ಮವ್ವ.

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಮುಚ್ಚಿಕೊಂಡೇ ಇದ್ದೆ.