ಹಡಗಿನ ನಾದಿನಿ, ಗೋಬರ್ ಗ್ಯಾಸ್ ಗುಂಡಿ

ನನಗೆ ನನ್ನ ನಾದಿನಿಯನ್ನು ಕಂಡರೆ ಹೊಟ್ಟೆಕಿಚ್ಚು. ಅವಳ ಸಂಬಳಕ್ಕಲ್ಲ, ಅವಳು ನೋಡಿದ ದೇಶಗಳಿಗೂ ಅಲ್ಲ (ಸ್ವಲ್ಪ ಅದೂ ಇದೆ, ಇರಲಿ). ಕಳೆದ ತಿಂಗಳು ಒಂದು ಭಾನುವಾರ ಅವಳು ಹಿತ್ತಿಲಲ್ಲಿ ನಿಂತು ಒಂದೇ ಒಂದು ಮಾತು ಆಡಿದಳು. ಮೂವರು ಗಂಡಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹಿಂದೆ ಸರಿದರು. ಅದೇ ಮಾತನ್ನು ಸ್ವಲ್ಪ ಹೊತ್ತಿನ ಮುಂಚೆ ನಾನೂ ಆಡಿದ್ದೆ. ನನಗೆ ಸಿಕ್ಕ ಉತ್ತರ, "ನೀವು ಓಗಿ ಒಸಿ ಕಾಪಿ ಕಾಯ್ಸಿ."

ಹೇಳಿ, ಹೊಟ್ಟೆ ಉರಿಯಬಾರದಾ?

ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್ ಅನ್ನೋದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಅತ್ತೆಮನೆ ಮಳವಳ್ಳಿ ಕಡೆಯ ಒಂದು ಹಳ್ಳಿ. ರಜಾ ಸಿಕ್ಕರೆ ನಾನು, ನಮ್ಮೆಜಮಾನರು ಅಲ್ಲಿಗೇ. ನಾದಿನಿ ಸವಿತಾ ಆಯಿಲ್ ಟ್ಯಾಂಕರ್ ಹಡಗಿನಲ್ಲಿ ಥರ್ಡ್ ಆಫೀಸರ್. ಕಾವೇರಿ ನಾಲೆ ಬಿಟ್ಟರೆ ಬೇರೆ ನೀರು ಕಾಣದ ಮನೆಯಿಂದ ಒಬ್ಬಳು ಸಮುದ್ರಕ್ಕೆ ಹೋದದ್ದು ಊರಿಗೇ ಸುದ್ದಿ. ಅವಳು ರಜೆಗೆ ಬಂದಳೆಂದರೆ ನಮ್ಮ ಮಾವ ದಿನಕ್ಕೆರಡು ಸಲ ಟೀ ಅಂಗಡಿಗೆ ಹೋಗ್ತಾರೆ. ಟೀ ಕುಡಿಯೋಕಲ್ಲ, ಮಗಳ ವಿಷಯ ಹೇಳೋಕೆ.

ನಾನೂ ಗೆಜೆಟೆಡ್ ಅಲ್ಲದಿದ್ದರೂ ಸರ್ಕಾರಿ ನೌಕರಳೇ. ನನ್ನ ವಿಷಯ ಯಾವ ಅಂಗಡಿಯಲ್ಲೂ ಬಂದ ದಾಖಲೆ ಇಲ್ಲ.

ಈಗ ಆ ಭಾನುವಾರಕ್ಕೆ ಬರೋಣ. ಹಿತ್ತಿಲಲ್ಲಿ ಹಳೇ ಗೋಬರ್ ಗ್ಯಾಸ್ ಗುಂಡಿ ಇದೆ. ಮನೆಗೆ ಸಿಲಿಂಡರ್ ಬಂದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಮೇಲಿನ ಕಬ್ಬಿಣದ ಡ್ರಮ್ಮು ತುಕ್ಕು ತಿಂದು ತೂತಾಗಿತ್ತು, ತಳದಲ್ಲಿ ಸಗಣಿ ಬಗ್ಗಡ ಗಟ್ಟಿಯಾಗಿ ಕೂತಿತ್ತು. ಬಗ್ಗಡ ಎತ್ತಿ ಗದ್ದೆಗೆ ಹಾಕೋದು, ಗುಂಡಿ ಮುಚ್ಚಿ ಕೊಟ್ಟಿಗೆ ದೊಡ್ಡದು ಮಾಡೋದು, ಇದು ಮಾವನ ಪ್ಲಾನ್. ಇಳಿಯೋಕೆ ನನ್ನ ಮೈದುನ ನಾಗೇಶ ರೆಡಿ. ಅವನು ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಹೆಲ್ಮೆಟ್ಟು ಬೂಟು ಇಲ್ಲದಿದ್ದರೆ ಗೇಟಿನೊಳಗೇ ಬಿಡಲ್ಲ. ಮನೆಗೆ ಬಂದರೆ ಚಡ್ಡಿ, ಬನೀನು, ಬರಿಗಾಲು. ಮನೆಯಲ್ಲಿ ಅಪಾಯ ಆಗಲ್ಲ ಅಂತ ಅವನಿಗೆ ಯಾರು ಹೇಳಿಕೊಟ್ಟರೋ.

ಡ್ರಮ್ಮನ್ನು ಪಕ್ಕಕ್ಕೆ ಎತ್ತಿಟ್ಟರು. ಕೋಲು ಹಾಕಿ ಬಗ್ಗಡ ಕಲಕಿದರು. ಗುಳುಗುಳು ಅಂತ ಗುಳ್ಳೆ ಎದ್ದವು. ಕೊಳೆತ ಮೊಟ್ಟೆಯ ನಾತ ಅಡುಗೆಮನೆವರೆಗೂ ಬಂತು. ನಾನು ಸೌಟು ಹಿಡಿದೇ ಆಚೆ ಬಂದೆ.

ಬಂದು ನೋಡಿದರೆ ಮಾವ ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟುತ್ತಿದ್ದಾರೆ.

ಇದೊಂದು ನಮ್ಮ ಕಡೆ ಪದ್ಧತಿ. ಪಾಳು ಬಾವಿಗೆ ಇಳಿಯೋ ಮುಂಚೆ ದೀಪ ಇಳಿಬಿಟ್ಟು ನೋಡ್ತಾರೆ. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳೀಬಹುದು. ಬಾವಿಗೆ ಅದು ಅಷ್ಟೋ ಇಷ್ಟೋ ಸರಿ. ಆದರೆ ಇದು ಗೋಬರ್ ಗ್ಯಾಸ್ ಗುಂಡಿ. ಇದರ ಗ್ಯಾಸಿನಲ್ಲೇ ನಮ್ಮತ್ತೆ ಎಷ್ಟೋ ವರ್ಷ ಮುದ್ದೆ ತೊಳಸಿದ್ದಾರೆ. ಒಲೆ ಹತ್ತಿಸಿದ ಗ್ಯಾಸು ಲಾಟೀನು ಕಂಡರೆ ಸುಮ್ಮನಿರುತ್ತಾ? ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಮೀಥೇನ್ ಅಂತ ದೊಡ್ಡದಾಗಿ ಬರೆದು ಪಾಠ ಮಾಡೋಳು. ನನ್ನ ಕಣ್ಣೆದುರಿಗೇ ಈ ಕೆಲಸ.

"ಮಾವ, ಬೇಡಿ. ದೀಪ ಆರಿಸಿ. ನಾಗೇಶ ಇಳಿಯೋದೂ ಬೇಡ. ಅದು ವಿಷದ ಗಾಳಿ" ಅಂದೆ.

"ಏ ಬುಡಮ್ಮ. ನೀನು ಉಟ್ಟಕ್ಕೆ ಮುಂಚಿಂದ್ಲೂವೆ ಬಾವಿ ಇಳ್ದೋನು ನಾನು" ಅಂದರು ಮಾವ. ತಲೆ ಎತ್ತಿ ನೋಡಲೂ ಇಲ್ಲ.

ನಮ್ಮೆಜಮಾನರ ಮುಖ ನೋಡಿದೆ. ಅವರು ತೆಂಗಿನಮರ ನೋಡುತ್ತಿದ್ದರು. ನಾಗೇಶ ಆಗಲೇ ಒಂದು ಕಾಲು ಏಣಿ ಮೇಲಿಟ್ಟಿದ್ದ. ಕಾಫಿಯ ಆರ್ಡರ್ ಕೊಟ್ಟ ಪುಣ್ಯಾತ್ಮ ಅವನೇ.

ಅಷ್ಟರಲ್ಲಿ ಸವಿತಾ ಮಹಡಿ ಮೇಲಿಂದ ದಡದಡ ಇಳಿದು ಬಂದಳು. ಕೂಗಲಿಲ್ಲ, ಬೈಯಲಿಲ್ಲ. "ಅಪ್ಪ, ದೀಪ ಆರ್ಸು. ನಾಗಣ್ಣ, ಮೇಲಕ್ ಬಾ" ಅಂದಳು. ಅಷ್ಟೇ.

ಮಾವ ಉಫ್ ಅಂತ ದೀಪ ಆರಿಸಿದರು. ನಾಗೇಶ ಕಾಲು ತೆಗೆದ. ನಮ್ಮೆಜಮಾನರು ತೆಂಗಿನಮರ ಬಿಟ್ಟು ತಂಗಿಯನ್ನು ನೋಡಿದರು, ಅದೂ ಭಕ್ತಿಯಿಂದ. ನನ್ನ ಕೈಯ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

ಆಮೇಲೆ ಅವಳದು ಕ್ಲಾಸು. "ಹಡಗಿನ ಟ್ಯಾಂಕ್ ಒಳಗೆ ಇಳಿಯೋಕ್ ಮುಂಚೆ ಗಾಳಿ ಹಾಯಿಸ್ತೀವಿ. ಆಮೇಲೆ ಗ್ಯಾಸ್ ಅಳೆಯೋ ಮೀಟರ್ ಬಿಟ್ಟು ನೋಡ್ತೀವಿ, ಮೇಲೆ, ನಡುವೆ, ತಳದಲ್ಲಿ. ಒಬ್ಬ ಟ್ಯಾಂಕಿನ ಬಾಯಿ ಹತ್ರ ನಿಂತೇ ಇರ್ಬೇಕು. ಒಳಗಿರೋನು ಬಿದ್ರೂ ಅವ್ನು ಹಾರೋಹಂಗಿಲ್ಲ."

"ಅದ್ಯಾಕವ್ವ? ಬಿದ್ದೋನ್ನ ಬುಟ್ಬುಡದಾ?" ಮಾವನಿಗೆ ಇದು ತಲೆಗೆ ಹೋಗಲಿಲ್ಲ.

"ಕೂಗಿ ಜನ ಸೇರಿಸ್ಬೇಕಪ್ಪ. ಗಾಳಿ ಸಿಲಿಂಡರ್ ಬೆನ್ನಿಗೆ ಹಾಕ್ಕೊಂಡೋರು ಇಳೀಬೇಕು. ನಾಗಣ್ಣ ಬಿದ್ದಿದ್ರೆ ನೀನೇ ಹಾರ್ತಿದ್ದೆ. ನಿನ್ನ ಹಿಂದೆ ದೊಡ್ಡಣ್ಣ. ಎಳೆಯೋಕೆ ಮೇಲೆ ಯಾರಿರ್ತಿದ್ರು?"

ಮಾವ ಗುಂಡಿಯನ್ನೊಮ್ಮೆ, ಇಬ್ಬರು ಗಂಡುಮಕ್ಕಳನ್ನೊಮ್ಮೆ ನೋಡಿದರು. ನನಗೆ ಹೊಟ್ಟೆಕಿಚ್ಚು ಒಂದು ಕಡೆ, ಭಯ ಒಂದು ಕಡೆ. ಆ ಗುಂಡಿ ನಮ್ಮ ಮನೆಯ ಗಂಡಸರನ್ನೆಲ್ಲ ಒಂದೇ ಬೆಳಗ್ಗೆ ನುಂಗಿಬಿಡುತ್ತಿತ್ತು.

ಆ ದಿನ ಯಾರೂ ಇಳಿಯಲಿಲ್ಲ. ಮಳವಳ್ಳಿಯಿಂದ ಪೈಪು ಹಾಕಿ ಹೀರುವ ಗಾಡಿ ತರಿಸಿ, ನೀರು ಬಿಟ್ಟು ಬಗ್ಗಡ ತೆಳ್ಳಗೆ ಮಾಡಿ, ಮೇಲಿಂದಲೇ ತೆಗೆಸಿದರು. ಸಂಜೆ ಟೀ ಅಂಗಡಿಯಲ್ಲಿ ಏನು ಸುದ್ದಿ ಅಂತ ನಾನು ಬಿಡಿಸಿ ಹೇಳಬೇಕಾ?

ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಾಗ ತಡೆಯಲಾರದೆ ಸವಿತಾಳನ್ನು ಕೇಳಿದೆ. "ಹಡಗಲ್ಲೂ ನಿನ್ನ ಮಾತು ಹಿಂಗೇ ಕೇಳ್ತಾರಾ? ನೀನು ಆಫೀಸರ್ ಅಂತಲಾ?"

"ಆಫೀಸರ್ ಅಂತಲ್ಲ ಅತ್ಗೆ. ಅಪಾಯ ಕಂಡೋರು ಯಾರಾದ್ರೂ 'ನಿಲ್ಸಿ' ಅನ್ನಬಹುದು. ಅಂದ್ರೆ ಕೆಲಸ ನಿಲ್ಲಿಸ್ಲೇಬೇಕು. ಒಂದ್ಸಲ ಪಾತ್ರೆ ತೊಳೆಯೋ ಮನುಷ್ಯ ನಮ್ಮ ಕ್ಯಾಪ್ಟನ್‌ನೇ ನಿಲ್ಲಿಸ್ದ. ಮೇಲೆ ಕ್ರೇನು ಆಡ್ತಿತ್ತು, ಇವ್ರು ಫೋನಲ್ಲಿ ಮಾತಾಡ್ತಾ ಕೆಳಗೆ ಹೊರಟಿದ್ರು."

"ಕ್ಯಾಪ್ಟನ್ ಬೈಲಿಲ್ವಾ?"

"ಎಲ್ಲಾರ್ ಮುಂದೆ ಥ್ಯಾಂಕ್ಸ್ ಹೇಳಿದ್ರು. ಏನೂ ಆಗ್ದೆ ಇದ್ರೂ, ಆಗೋದ್ರಲ್ಲಿತ್ತು ಅಂತ ತಿಳಿಸಿದ್ರೆ ನಮ್ಮಲ್ಲಿ ಮೆಚ್ಕೋತಾರೆ."

ನನ್ನ ಹೊಟ್ಟೆಕಿಚ್ಚು ಅಲ್ಲಿ ದಿಕ್ಕು ಬದಲಿಸಿತು. ನಾದಿನಿ ಮೇಲಿದ್ದದ್ದು ಆ ಪಾತ್ರೆ ತೊಳೆಯುವವನ ಮೇಲೆ ಹೋಯಿತು. ಯಾವ ದೇಶದವನೋ, ಏನು ಹೆಸರೋ. ಅವನ ಒಂದು ಮಾತಿಗೆ ಕ್ಯಾಪ್ಟನ್ ನಿಂತನಂತೆ! ನಾನೂ ಪಾತ್ರೆ ತೊಳೀತೀನಿ. ಮದುವೆಯಾದಾಗಿಂದ ತೊಳೀತಿದ್ದೀನಿ. ಮದ್ದೂರು ದಾಟುವಾಗ "ರೀ, ಸ್ವಲ್ಪ ನಿಧಾನ" ಅಂದರೆ ನಮ್ಮೆಜಮಾನರು ಗಾಡಿ ಇನ್ನೊಂದು ಚೂರು ಜೋರಾಗಿ ಓಡಿಸುತ್ತಾರೆ.

ನೀವೇ ಯೋಚಿಸಿ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ಲೈಟಿಲ್ಲ. ಏನೂ ಆಗಲ್ಲ ಬುಡು. ನಾಲೆ ಏರಿ ಮೇಲೆ ತಡೆಗೋಡೆ ಇಲ್ಲದ ಕಡೆ ಒಂದೇ ಬೈಕಿನಲ್ಲಿ ನಾಲ್ವರು. ಏನೂ ಆಗಲ್ಲ ಬುಡು. ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್. ಬುಡು ಅತ್ಲಾಗೆ. ನಮ್ಮ ಜಿಲ್ಲೆಯಲ್ಲಿ ಏನೂ ಆಗದಿದ್ದರೆ ಅದು ನಮ್ಮ ಧೈರ್ಯ. ಏನಾದರೂ ಆಗಿಬಿಟ್ಟರೆ ಅದು ಹಣೆಬರಹ. ಇವೆರಡರ ನಡುವೆ 'ನಿಲ್ಸಿ' ಅಂದವಳು ಬರೀ ಅಪಶಕುನ.

ರಾತ್ರಿ ಊಟಕ್ಕೆ ಕೂತಾಗ ಸವಿತಾ ಒಂದು ಕೆಲಸ ಮಾಡಿದಳು. ಹಡಗಿನಲ್ಲಿ ಹೀಗೇನಾದರೂ ಆದರೆ ಎಲ್ಲರನ್ನೂ ಕೂರಿಸಿ ಮೊದಲು ಯಾರು ಗಮನಿಸಿದರು ಅಂತ ಕೇಳ್ತಾರಂತೆ. ಹಾಗೇ ಕೇಳಿದಳು. "ಇವತ್ತು ಮೊದಲು ಬೇಡ ಅಂದೋರು ಯಾರು? ಅತ್ಗೆ ಅಂದಿದ್ದು ನಂಗೆ ಮಹಡಿ ಮೇಲಕ್ಕೆ ಕೇಳಿಸ್ತು. ಅದಕ್ಕೇ ನಾನು ಇಳಿದು ಬಂದೆ. ಪಕ್ಕದಲ್ಲೇ ಇದ್ದ ನಿಮಗೆ ಯಾಕೆ ಕೇಳಿಸ್ಲಿಲ್ಲ?"

ಇಷ್ಟು ಒಳ್ಳೆಯವಳಾದರೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡೋದಾದರೂ ಹೇಗೆ?

ಮಾವ ಮುದ್ದೆ ಮುರಿಯುತ್ತಾ ಯೋಚಿಸಿದರು. "ಕೇಳುಸ್ತು ಕಣವ್ವ. ಆದ್ರೆ ಇವ್ಳು ದಿನಾ ಏನಾರ ಒಂದು ಬ್ಯಾಡ ಅಂತ್ಲೇ ಇರ್ತಾಳೆ. ಯಾವ್ದ್ ಅಂತ ಕೇಳದು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಸವಿತಾ ರಜೆ ಮುಗಿಸಿ ಹಡಗಿಗೆ ಹೋದಳು. ಮೊನ್ನೆ ಭಾನುವಾರ ಮತ್ತೆ ಊರಿಗೆ ಹೋದೆವು. ಮನೆ ಮುಂದಿನ ಸಂಪು ತೊಳೆಯಬೇಕಿತ್ತು. ತಳದ ನೀರು ಎಳೆಯೋಕೆ ಪೆಟ್ರೋಲ್ ಪಂಪನ್ನು ಸಂಪಿನೊಳಗೇ ಇಳಿಸಿ ಸ್ಟಾರ್ಟ್ ಮಾಡಿದ್ದಾರೆ, ಹೊಗೆ ಕಟ್ಟಿದೆ, ನಾಗೇಶ ಪೊರಕೆ ಹಿಡಿದು ಇಳಿಯೋಕೆ ನಿಂತಿದ್ದಾನೆ. "ಮಾವ, ಇಳಿಸಬೇಡಿ. ಆ ಹೊಗೆ ಪ್ರಾಣ ತೆಗೆಯುತ್ತೆ" ಅಂದೆ.

ಈ ಸಲ ಮಾವ ಬುಡಮ್ಮ ಅನ್ನಲಿಲ್ಲ. ಕೈ ಎತ್ತಿ ನಾಗೇಶನನ್ನು ತಡೆದರು. ನನ್ನ ಎದೆ ಉಬ್ಬಿತು. ಮಾವ ಜೇಬಿಗೆ ಕೈ ಹಾಕಿ ಫೋನ್ ತೆಗೆದರು. "ತಡ್ಕಳ್ಳಾ, ಸವಿನ ಒಂದ್ ಮಾತು ಕೇಳ್ಬುಡಾಣ" ಅಂದರು.

ಹಡಗು ಎಲ್ಲೋ ನಡುಸಮುದ್ರದಲ್ಲಿ. ಫೋನ್ ಹೋಗಲಿಲ್ಲ. ಮಾವ ಮತ್ತೆ ಒತ್ತಿದರು, ಮತ್ತೆ ಒತ್ತಿದರು. ನಾಗೇಶ ಕಾದ, ನಮ್ಮೆಜಮಾನರು ಕಾದರು, ನಾನೂ ಅವರ ಪಕ್ಕದಲ್ಲೇ ನಿಂತು ಕಾದೆ.

ಅಲ್ಲಾ ಮಾವ, ಅಷ್ಟು ದೂರದ ಸಮುದ್ರಕ್ಕೆ ಫೋನ್ ಮಾಡೋ ಬದಲು ಒಂದ್ಸಲ ನನ್ನ ಕಡೆ ತಿರುಗಿದ್ದರೆ ನಿಮ್ಮ ಯಾವ ಗಂಟು ಹೋಗ್ತಿತ್ತು?