ಎಲ್ಲರ ಹಿಂದೆ ಓಡಿದವಳು

ಮಳೆಗಾಲ ಮುಗಿದು ಮೊದಲ ಸಲ ಒಳ್ಳೆಯ ಬಿಸಿಲು ಬಿದ್ದಿತ್ತು. ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಕಂಬಳಿ ಝಾಡಿಸಿ ಹರವುತ್ತಿದ್ದೆ. ಆಗಲೇ ಮಗನ ಫೋನು ಬಂತು.

"ಅವ್ವಾ, ಮಧ್ಯಾಹ್ನದ ಆಟಕ್ಕ ಟಿಕೀಟ ಸಿಕ್ಕಾವು. ಓಟದ ಹುಡುಗಿ ಸಿನಿಮಾ. ಎಲ್ಲಾರೂ ಕೂಡಿ ಹೋಗೂಣು, ಲಗೂನ ತಯಾರಾಗು."

ಯಜಮಾನರಿಗೂ ಅಂದೇ ರಜೆ, ನನ್ನ ಮೊಣಕಾಲೂ ಅಂದು ಸುಮ್ಮನಿತ್ತು. ಬಸವಣ್ಣನ ಕೃಪೆ, ಇನ್ನೇನು ಬೇಕು? ಆದರೆ ಉಣ್ಣೆಯ ವಾಸನೆ ಸಾಬೂನು ಹಚ್ಚಿದರೂ ಕೈ ಬಿಡಲಿಲ್ಲ. ಥೇಟರಿನ ಕತ್ತಲಲ್ಲಿ, ಪರದೆಯ ಮೇಲೆ ಬಡವರ ಮನೆಯ ಹುಡುಗಿಯೊಬ್ಬಳು ಓಟದ ಗೆರೆಗೆ ಬಂದು ನಿಂತಳು. ನಾನು ಬಾಯಿಗೆ ಕೈ ಇಟ್ಟುಕೊಂಡೆ. ಮೂಗಿಗೆ ಆ ವಾಸನೆ ಬಡಿಯಿತು... ಸಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳ ವಾಸನೆ.

ಖಾನಾಪುರ ತಾಲೂಕಿನ ಹಲಸಿ ಊರಿನ ಹತ್ತಿರದ ಹಳ್ಳಿ ನಮ್ಮದು. ಅವಳದು ಕುರಿ ಕಾಯುವ ಮನೆತನ. ಮಳೆ ಬಂದರೆ ಕಂಬಳಿಯ ಕೊಪ್ಪೆ ಹಾಕಿಕೊಂಡೇ ತರಗತಿಗೆ ಬರುವಳು. ಟಗರಿನ ಬೆನ್ನು ಹತ್ತಿ ಅವಳು ಓಡಿದ್ದನ್ನು ಡ್ರಿಲ್ ಮಾಸ್ತರು ಒಮ್ಮೆ ನೋಡಿದ್ದರು. ಅಂದಿನಿಂದ ಅವಳ ಓಟದ ಹುಚ್ಚು ಅವರಿಗೇ ಹಿಡಿಯಿತು. ಆದರೆ ಅವಳ ಅಪ್ಪ ಆ ವರ್ಷ ಸಾಲೆ ಬಿಡಿಸುವವನಿದ್ದ. ಮಾಸ್ತರು ಮನೆಗೇ ಹೋಗಿ ಕೇಳಿಕೊಂಡಾಗ ಅವನು ಒಂದೇ ಮಾತು ಹೇಳಿದ: "ಖಾನಾಪುರದಾಗ ತಾಲೂಕಿನ ಓಟ ಗೆದ್ದು ತೋರಸ್ಲಿ, ಸಾಲಿ ಬಿಡಸೂದಿಲ್ರೀ. ಸೋತ್ಲಂದ್ರ ದಸರಾ ಆದಕೂಡ್ಲೇ ನನ್ನ ಜೋಡಿ ಕುರಿ ಹಿಂದ."

ಆ ವಾರವೆಲ್ಲ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತಾಗ ನಾನು ಬೇಡಿದ್ದು ಅವಳ ಓಟ ಒಂದನ್ನೇ.

ಖಾನಾಪುರದ ಮೈದಾನದ ಆಚೆ ಅಂಚಿಗೆ ಭತ್ತದ ಗದ್ದೆ ಇತ್ತು. ಅವಳ ಅಪ್ಪ ಕುರಿ ಹಿಂಡನ್ನು ಅಲ್ಲೇ ಬದುವಿನ ಹತ್ತಿರ ನಿಲ್ಲಿಸಿಕೊಂಡು, ಕೋಲಿಗೆ ಗದ್ದ ಊರಿ ನಿಂತಿದ್ದ. ಮೈದಾನಕ್ಕೆ ಎರಡು ಸುತ್ತು. ಸೀಟಿ ಊದಿದರು, ಹುಡುಗಿಯರೆಲ್ಲ ಜಿಗಿದು ಓಡಿದರು. ಇವಳು ಕಟ್ಟಕಡೆಗೆ! ದಣಿದಲ್ಲ ಮತ್ತೆ. ಎರಡೂ ತೋಳು ಅಗಲಿಸಿಕೊಂಡು ಆರಾಮಾಗಿ ಹೊರಟಿದ್ದಾಳೆ. ಯಾವಳಾದರೂ ನಿಧಾನ ಮಾಡಿದರೆ "ಹುರ್ರ್... ಹುರ್ರ್..." ಎಂದು ಮುಂದಕ್ಕೆ ಅಟ್ಟುತ್ತಿದ್ದಾಳೆ!

"ಏ, ನೋಡ್ರಲೇ, ಹುಡುಗ್ಯಾರನ್ನ ಮೇಯಿಸಾಕ ಹೊಂಟಾಳ!" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು. ನಮ್ಮ ಮಾಸ್ತರು ಹಣೆ ಬಡಿದುಕೊಂಡು, "ಮುಂದ ಹೋಗ, ಮುಂದ!" ಎಂದು ಅರಚಿದರು.

ನಮ್ಮೆದುರು ಹಾಯುವಾಗ ಅವಳು ಅಷ್ಟೇ ಜೋರಾಗಿ ಉತ್ತರ ಕೊಟ್ಟಳು: "ನಾ ಮುಂದ ಹೋದ್ರ ಹಿಂದಿಂದು ತಪ್ಪಿಸ್ಕೊಂತೈತ್ರೀ ಸರ್!"

ಊರಲ್ಲಿ ಮಾಸ್ತರು ಅವಳೊಬ್ಬಳನ್ನೇ ಓಡಿಸಿ ಗಡಿಯಾರ ನೋಡುತ್ತಿದ್ದರು. ನಾಲ್ಕು ಮಂದಿಯ ನಡುವೆ ಓಡಿಸಿರಲೇ ಇಲ್ಲ. ಅವಳಿಗೋ, ನಡೆಯಲು ಬಂದಾಗಿನಿಂದ ಓಟವೆಂದರೆ ಹಿಂಡಿನ ಹಿಂದೆ. ಕುರಿ ಕಾಯುವವರು ಹಿಂಡನ್ನು ದಾಟಿ ಓಡುವುದು ಮರಿಯೊಂದು ತಪ್ಪಿಸಿಕೊಂಡು ಮಂದಿಯ ಬೆಳೆಗೆ ನುಗ್ಗಿದಾಗ ಮಾತ್ರ.

ಎರಡನೆಯ ಸುತ್ತು ಅರ್ಧ ಉಳಿದಿತ್ತು. ನನಗೆ ಆ ಬುದ್ಧಿ ಯಾರು ಕೊಟ್ಟರೋ... ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗಕ್ಕೆ ಜೋತುಬಿದ್ದು ಚೀರಿದೆ: "ಏ, ನಿಮ್ಮ ಮರಿ ಹೋತಲೇ! ಭತ್ತಕ್ಕ ಬಿತ್ತು! ಅಡ್ಡ ಹಾಕ!"

ಅವಳು ಕತ್ತೆತ್ತಿದಳು. ಲಂಗ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ನಾನು ನೋಡಿದ್ದನ್ನು ಯಾವ ಸಿನಿಮಾದವರು ತೋರಿಸಿಯಾರು! ಒಬ್ಬಳನ್ನು ದಾಟಿದಳು, ಇಬ್ಬರನ್ನು, ಐವರನ್ನು... ನಕ್ಕವರೇ ಎದ್ದು ನಿಂತು ಕೂಗತೊಡಗಿದರು. ಕೊನೆಯ ಗೆರೆಯ ದಾರ ಎದೆಗೆ ತಾಗಿ ಹರಿದದ್ದೂ ಅವಳಿಗೆ ಗೊತ್ತಾಗಲಿಲ್ಲ. ನಿಲ್ಲದೆ ಹೋಗಿ ಗದ್ದೆಯೊಳಗೆ ಮೊಣಕಾಲ ಮಟ್ಟ ಇಳಿದುಬಿಟ್ಟಳು!

ಕೆಸರು ಮೆತ್ತಿಕೊಂಡು ತಿರುಗಿ ಬಂದವಳೇ ನನ್ನ ರಟ್ಟೆ ಹಿಡಿದಳು. "ಎಲ್ಲೈತಿ ಮರಿ?"

"ನೀ ಗೆದ್ದಿ ಅಲಾ!"

"ಮೊದ್ಲ ಮರಿ ಎಲ್ಲೈತಿ ಹೇಳ!"

ಮರಿ ತಪ್ಪಿಸಿಕೊಂಡಿರಲೇ ಇಲ್ಲ ಎಂದಾಗ ಬೆನ್ನಿಗೊಂದು ಬಲವಾಗಿ ಗುದ್ದಿದಳು. ಅಷ್ಟರಲ್ಲಿ ಅವಳ ಅಪ್ಪನೂ ಕೋಲು ಹಿಡಿದು ಬಂದ. ನನ್ನ ಜೀವ ಹಾರಿಹೋಯಿತು.

"ಕುರಿ ವಿಷಯದಾಗ ಸುಳ್ಳ ಹೇಳಬಾರದವಾ ತಂಗಿ," ಎಂದ. ಆಮೇಲೆ ಮೀಸೆಯೊಳಗೇ ನಕ್ಕ. "ಇರ್ಲಿ. ಮಾತಂದ್ರ ಮಾತ. ಸಾಲಿ ಬಿಡಸೂದಿಲ್ಲ."

ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬಂದು ಪಕ್ಕ ಕೂತು, ಬಿಟ್ಟ ಲೆಕ್ಕಗಳನ್ನೆಲ್ಲ ನನ್ನ ವಹಿಯಿಂದ ಬರೆದುಕೊಂಡಳು. ಹತ್ತನೆಯ ಇಯತ್ತೆಯ ತನಕ ಕೂಡಿಯೇ ಓದಿದೆವು...

ಪರದೆಯ ಮೇಲಿನ ಹುಡುಗಿಯೂ ಗೆದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನಮ್ಮ ಯಜಮಾನರು ಸೀಟಿ ಹೊಡೆದದ್ದು ಕೇಳಿದೆ. "ಗೆದ್ದಾಳಲ್ಲವಾ, ಯಾಕ ಅಳ್ತಿ?" ಎಂದ ಮಗ. ಹತ್ತನೆಯದು ಮುಗಿದ ಮೇಲೆ ನಾನು ಮದುವೆಯಾಗಿ ಬೆಳಗಾವಿಗೆ ಬಂದೆ, ಅವಳು ಗಂಡನ ಮನೆಗೆ ಹೋದಳು. ಒಂದು ಪತ್ರವನ್ನೂ ಬರೆಯಲಿಲ್ಲ ನಾನು. ಎಷ್ಟೋ ವರ್ಷಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಪ್ಪ ಸಿಕ್ಕ. ಜ್ವರ ಬಂದು ಅವಳು ತೀರಿಹೋಗಿದ್ದಳು. "ಎರಡು ಹೆಣ್ಣುಮಕ್ಕಳದಾವವಾ," ಎಂದು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಇಬ್ಬರನೂ ಸಾಲಿಗೆ ನಾನ ಕಳಸ್ತೀನಿ."

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ವಿಭೂತಿ ಹಚ್ಚಿಕೊಂಡು, ಅವಳನ್ನೂ ಅವಳ ಮಕ್ಕಳನ್ನೂ ನೆನೆದು ಕೈ ಮುಗಿದೆ. ಸಿನಿಮಾದ ಹುರುಪಿನಲ್ಲಿ ಎಲ್ಲರಿಗೂ ಹಸಿವೆಯೋ ಹಸಿವೆ. ರೊಟ್ಟಿಗೆ ಎಸರಿಟ್ಟು, ಜೋಳದ ಹಿಟ್ಟು ಸೋಸಲು ಕೂತೆ.