ಪಂಪಿನ ಬುಡದಲ್ಲಿ ಹೂತ ಹಂಡೆ

ಕರೆಂಟೆಂದರೆ ನನಗೆ ಮೊದಲಿನಿಂದಲೂ ಭಯ. ಮದುವೆಯಾಗಿ ಕುಂದಾಪುರದ ಈ ಹೊಳೆಬದಿಯ ಮನೆಗೆ ಬಂದ ಹೊಸತರಲ್ಲಿ ಸ್ವಿಚ್ಚನ್ನು ಸೌಟಿನ ಮರದ ಹಿಡಿಯಿಂದ ಒತ್ತುತ್ತಿದ್ದೆ. ಅತ್ತೆಗೆ ನಗು. "ಅದೆಂತ ಹಾವಾ, ಕಚ್ಚುಕೆ?" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಹೊಳೆಯ ಉಪ್ಪುನೀರು ನಮ್ಮ ಗದ್ದೆಯ ಒಡ್ಡನ್ನು ಮತ್ತೆ ಮತ್ತೆ ಒಡೆಯತೊಡಗಿತು. ಮಳೆಯೂ ಕಡಲೂ ಹಳಬರ ಅಂದಾಜಿಗೆ ಸಿಗುತ್ತಿರಲಿಲ್ಲ. ಹವಾಮಾನ ಬದಲಾಗುತ್ತಿದೆಯೆಂದು ಪೇಪರಿನಲ್ಲಿ ಬರುತ್ತಿತ್ತು; ನಮಗೆ ಗೊತ್ತಿದ್ದದ್ದು ಅದರ ಖರ್ಚು ಮಾತ್ರ. ದುಡಿದದ್ದೆಲ್ಲ ಒಡ್ಡಿನ ಕಲ್ಲುಮಣ್ಣಿಗೇ ಹೋಯಿತು. ಹಾಗಾಗಿ ಬಾವಿಯ ಪಂಪಿಗೆ ಹೊಸ ಅರ್ಥಿಂಗ್ ಮಾಡುವಾಗ ಎಲೆಕ್ಟ್ರಿಷಿಯನ್ ತಾಮ್ರದ ತಗಡು ಹೂಳಬೇಕೆಂದರೂ ನನ್ನ ಗಂಡ ಕಬ್ಬಿಣದ ಪೈಪೇ ಸಾಕೆಂದರು. ಮೋಟಾರಿನಲ್ಲಿ ಕರೆಂಟ್ ಸೋರಿದರೆ ಅದು ನಮ್ಮ ಮೈ ಹತ್ತದೆ ಮಣ್ಣಿಗಿಳಿಯಲು ಇರುವ ದಾರಿ ಈ ಅರ್ಥಿಂಗೊಂದೇ.

"ಈ ಉಪ್ಪು ಮಣ್ಣಂಗೆ ಕಬ್ಬಿಣ ಉಳಿತಿಲ್ಲೆ, ಕಾಣಿ," ಎಂದು ಹೇಳಿ ಎಲೆಕ್ಟ್ರಿಷಿಯನ್ ಹೋದ.

ಒಂದು ಬೇಸಿಗೆಯಲ್ಲಿ ನಮ್ಮ ದನ ಪಂಪಿನ ಪಕ್ಕದ ನೀರಿನ ಬಾನಿಗೆ ಬಾಯಿ ಹಾಕುವುದನ್ನೇ ಬಿಟ್ಟಿತು. ಹತ್ತಿರ ಹೋಗುವುದು, ಬೆದರಿ ಹಿಂದೆ ಸರಿಯುವುದು. "ಇದ್ಕೆ ಈಗ ಬಾಟ್ಲಿ ನೀರ್ ಬೇಕಂಬ್ರ್" ಎಂದರು ಅತ್ತೆ. ನಾನೂ ನಕ್ಕೆ. ಆ ವಾರವೇ ಒಂದು ಬೆಳಿಗ್ಗೆ ಅತ್ತೆ ಬರಿಗಾಲಲ್ಲಿ ಹೋಗಿ ಪಂಪಿನ ಪೈಪಿಗೆ ಕೈಯಿಟ್ಟರು.

ಅವರು ಕೂಗಲೂ ಇಲ್ಲ. ಕೈ ಪೈಪಿಗೆ ಅಂಟಿಕೊಂಡು ಮೈಯೆಲ್ಲ ನಡುಗುತ್ತಿತ್ತು. ನಾನು ಮೇನ್ ಸ್ವಿಚ್ಚಿಗೆ ಓಡಿದೆ. ಅದನ್ನು ಬರಿಗೈಯಲ್ಲೇ ಎಳೆದೆನೆಂದು ನೆನಪಾದದ್ದು ಆಮೇಲೆ. ಅತ್ತೆಯ ಅಂಗೈ ಸುಟ್ಟಿತ್ತು, ಆದರೆ ಬದುಕಿದರು. ಅಗೆದು ನೋಡಿದರೆ ಅರ್ಥಿಂಗಿನ ಪೈಪು ತುಕ್ಕು ಹಿಡಿದು ಪುಡಿಯಾಗಿತ್ತು. ಸೋರುವ ಕರೆಂಟು ದನಕ್ಕೆ ನಮಗಿಂತ ಮೊದಲೇ ತಿಳಿದಿತ್ತು.

ತಾಮ್ರ ಹೂಳುವವರೆಗೆ ಪಂಪ್ ಹಾಕಬಾರದೆಂದು ಹಟ ಹಿಡಿದೆ. ಒಡ್ಡು ಆಗಷ್ಟೇ ಮತ್ತೆ ಒಡೆದಿತ್ತು. ತಾಮ್ರ ಕೊಳ್ಳುವ ಮಾತೇ ಇರಲಿಲ್ಲ. ಉಪ್ಪು ಹತ್ತಿರ ಬಂದಷ್ಟೂ ತಾಮ್ರ ಬೇಕು, ಆ ಉಪ್ಪೇ ತಾಮ್ರದ ದುಡ್ಡನ್ನೂ ತಿಂದು ಕೂತಿದೆ, ಎಂಥ ಅವಸ್ಥೆ! ಕೊನೆಗೆ ಅತ್ತೆಯೇ ಬಚ್ಚಲಿನ ತಾಮ್ರದ ಹಂಡೆ ತೋರಿಸಿದರು.

"ಇದನ್ನೇ ಕೊಯ್ದ್ ಹಾಕಿ. ನಂಗೆ ಮೀವ್ಕೆ ಒಂದ್ ಕೊಡಪಾನ ನೀರ್ ಸಾಕ್."

ಎಲೆಕ್ಟ್ರಿಷಿಯನ್ ಹಂಡೆಯ ತಳ ಕತ್ತರಿಸಿ, ತಂತಿ ಬಿಗಿದು, ತೇವ ಹಿಡಿದಿಡುವ ಇದ್ದಿಲಿನ ಜೊತೆ ಪಂಪಿನ ಬುಡದಲ್ಲಿ ಹೂತ. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ದನ ನೀರು ಕುಡಿದದ್ದನ್ನು ಕಂಡ ಮೇಲೆಯೇ ಪೈಪು ಮುಟ್ಟುತ್ತಿದ್ದೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಬಾವಿಯೇ ಉಪ್ಪಾಯಿತು. ಗದ್ದೆ ಪಾಳು ಬಿಟ್ಟೆವು, ಪಂಪ್ ಕಿತ್ತೆವು. ಕುಡಿಯುವ ನೀರನ್ನು ಹೊಳೆಯಿಂದ ದೂರ, ರಸ್ತೆಯಾಚೆ ಇರುವ ಮನೆಯ ಬಾವಿಯಿಂದ ಹೊತ್ತು ತರುತ್ತಿದ್ದೆ.

ಒಂದು ಸಂಜೆ ಅದೇ ಎಲೆಕ್ಟ್ರಿಷಿಯನ್ ಬಂದ. "ಹ್ವಾಯ್, ಆ ಹಂಡಿ ತಗಡ್ ಅಗ್ದ್ ಕೊಡ್ತ್ರಿಯಾ? ನಿಮ್ಗೆಂತೂ ಇನ್ನ್ ಬ್ಯಾಡ ಅಲ್ದಾ."

"ಯಾರಿಗ್ ಅದ್?" ಅತ್ತೆ ಕೇಳಿದರು.

"ರಸ್ತಿ ಆಚಿ ಮನಿಗೆ. ಮೊನ್ನೆ ಮೊನ್ನೆ ಹಾಕಿದ್ ಅರ್ಥಿಂಗ್ ಪೈಪ್, ಪುಡಿ ಆಯ್ತ್. ಉಪ್ಪ್ ಅಲ್ಲಿ ತನ್ಕವೂ ಬಂತ್ ಕಾಣ್ತ್."

ಅತ್ತೆ ಹಾರೆ ತಂದುಕೊಟ್ಟರು. ನಾನು ಒಳಗೆ ಹೋಗಿ, ಬೆಳಿಗ್ಗೆ ಆ ಬಾವಿಯಿಂದ ತಂದ ನೀರನ್ನು ಲೋಟಕ್ಕೆ ಬಗ್ಗಿಸಿ ನಾಲಿಗೆಗೆ ತಾಗಿಸಿದೆ. ಸಿಹಿಯಾಗಿಯೇ ಇತ್ತು. ಆದರೂ ಕುಡಿಯಲಾಗಲಿಲ್ಲ.